ಧೂಳಿನ ಲೆಕ್ಕ ಶ್ವಾಸಕೋಶಕ್ಕೇ ಮುಗಿಯುವುದಿಲ್ಲ

2025ರ ಕೊನೆಯ ತಿಂಗಳುಗಳಲ್ಲಿ ಎರಡು ಸುದ್ದಿಗಳು ಬಂದವು. ಅಕ್ಟೋಬರ್ 6ರಂದು ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿ ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಹಾಗೂ ಜಪಾನಿನ ಶಿಮೊನ್ ಸಕಾಗುಚಿ ಅವರಿಗೆ ಘೋಷಣೆಯಾಯಿತು. ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಅಂಗಾಂಶಗಳ ಮೇಲೆ ಎರಗದಂತೆ ತಡೆಯುವ ಕಾವಲು ಕೋಶಗಳ ಬಗೆಗಿನ ಸಂಶೋಧನೆಗೆ ಸಂದ ಗೌರವ ಅದು. ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೊಳಿಸಿತು. ಅಪಾಯಕಾರಿ ಉದ್ಯಮಗಳ ಎಲ್ಲ ಕಾರ್ಮಿಕರಿಗೂ, ಇತರ ಉದ್ಯಮಗಳಲ್ಲಿ ನಲವತ್ತು ದಾಟಿದವರಿಗೂ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ದೊರೆಯಲಿದೆ ಎಂಬುದು ಆ ಸಂದರ್ಭದ ಮುಖ್ಯ ಭರವಸೆಗಳಲ್ಲಿ ಒಂದು. ಮೊದಲನೆಯದು ವಿಜ್ಞಾನದ ಸುದ್ದಿ, ಎರಡನೆಯದು ಆಡಳಿತದ ಸುದ್ದಿ. ಮೇಲ್ನೋಟಕ್ಕೆ ಇವೆರಡಕ್ಕೂ ನಂಟಿಲ್ಲ. ಆದರೆ ಕಲ್ಲುಗಣಿಯಲ್ಲಿ ದುಡಿಯುವವನ ದೇಹದಲ್ಲಿ ಇವೆರಡೂ ಸಂಧಿಸುತ್ತವೆ. ತಪಾಸಣೆ ನಡೆಯುವುದೇನೋ ಸರಿ, ಆ ತಪಾಸಣೆಯಲ್ಲಿ ಏನನ್ನು ಹುಡುಕುತ್ತೇವೆ ಎಂಬ ಪ್ರಶ್ನೆಯನ್ನು ಈ ಲೇಖನದಲ್ಲಿ ಎತ್ತಲು ಬಯಸುತ್ತೇನೆ.

ಆಟೊಇಮ್ಯೂನ್ ಕಾಯಿಲೆಗಳೆಂದರೆ ಬೇಲಿಯೇ ಎದ್ದು ಹೊಲ ಮೇಯ್ದ ಸ್ಥಿತಿ. ಹೊರಗಿನ ರೋಗಾಣುಗಳ ವಿರುದ್ಧ ಹೋರಾಡಬೇಕಾದ ರಕ್ಷಣಾ ಕೋಶಗಳು ಸ್ವಂತ ಕೀಲು, ಚರ್ಮ, ಮೂತ್ರಪಿಂಡ, ನರಗಳನ್ನೇ ಶತ್ರುವೆಂದು ಭಾವಿಸಿ ದಾಳಿ ಮಾಡುತ್ತವೆ. ಕೈಬೆರಳುಗಳ ಕೀಲುಗಳನ್ನು ವಿರೂಪಗೊಳಿಸುವ ರುಮಟಾಯ್ಡ್ ಸಂಧಿವಾತ, ಹಲವು ಅಂಗಗಳನ್ನು ಒಟ್ಟಿಗೆ ಬಾಧಿಸುವ ಲೂಪಸ್, ಚರ್ಮವನ್ನೂ ಒಳ ಅಂಗಗಳನ್ನೂ ಬಿಗಿದು ಗಟ್ಟಿಯಾಗಿಸುವ ಸ್ಕ್ಲೀರೋಡರ್ಮಾ ಈ ಗುಂಪಿಗೆ ಸೇರಿದವು. ಇವಕ್ಕೆ ಪೂರ್ಣ ಗುಣವೆಂಬುದು ಅಪರೂಪ. ಬಹುತೇಕ ರೋಗಿಗಳು ಜೀವನಪರ್ಯಂತ ಔಷಧಿಯ ಮೇಲೆ ಅವಲಂಬಿತರು.

ಇಂತಹ ಕಾಯಿಲೆ ಬಂದಾಗ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. ಒಂದು, ‘ಇದು ವಂಶದಿಂದ ಬಂದದ್ದು’. ಇನ್ನೊಂದು, ‘ಹಣೆಬರಹ’. ವಿಜ್ಞಾನ ಈ ಎರಡೂ ಮಾತುಗಳನ್ನು ಪೂರ್ಣವಾಗಿ ಒಪ್ಪುವುದಿಲ್ಲ. ಬ್ರಿಟನ್ನಿನಲ್ಲಿ 1993ರಲ್ಲಿ ಪ್ರಕಟವಾದ ಅವಳಿಗಳ ಅಧ್ಯಯನವೊಂದನ್ನು ಇಲ್ಲಿ ಉದಾಹರಿಸಬಹುದು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಆನುವಂಶಿಕ ಸ್ವತ್ತು ಬಹುತೇಕ ಒಂದೇ. ಹಾಗಿದ್ದರೂ ಅವರಲ್ಲಿ ಒಬ್ಬರಿಗೆ ರುಮಟಾಯ್ಡ್ ಸಂಧಿವಾತ ಇದ್ದಾಗ ಇನ್ನೊಬ್ಬರಿಗೂ ಅದು ಇದ್ದದ್ದು ಸುಮಾರು ಶೇ 15ರಷ್ಟು ಜೋಡಿಗಳಲ್ಲಿ ಮಾತ್ರ. ಎರಡು ಅಂಡಗಳಿಂದ ಹುಟ್ಟಿದ ಅವಳಿಗಳಲ್ಲಿ ಈ ಪ್ರಮಾಣ ಶೇ 4ಕ್ಕಿಂತ ಕಡಿಮೆ. ಅಂದರೆ ವಂಶವಾಹಿಯ ಪಾತ್ರ ಖಂಡಿತ ಇದೆ, ಆದರೆ ಅದೊಂದೇ ಕಾರಣವಲ್ಲ. ಒಳಗಿನ ಒಲವಿಗೆ ಹೊರಗಿನ ಪ್ರಚೋದನೆಯೂ ಸೇರಬೇಕು.

ಆ ಪ್ರಚೋದನೆಗಳಲ್ಲಿ ಕೆಲವು ಈಗ ಸ್ಪಷ್ಟವಾಗಿವೆ. ಅಮೆರಿಕದ ಸೇನೆಯ ಒಂದು ಕೋಟಿ ಸಿಬ್ಬಂದಿಯ ದಾಖಲೆಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಎಪ್‌ಸ್ಟೈನ್-ಬಾರ್ ಎಂಬ ಸರ್ವೇಸಾಮಾನ್ಯ ವೈರಾಣುವಿನ ಸೋಂಕು ತಗುಲಿದ ನಂತರ ಮಲ್ಟಿಪಲ್ ಸ್ಕ್ಲೀರೋಸಿಸ್ ಎಂಬ ನರರೋಗದ ಸಾಧ್ಯತೆ 32 ಪಟ್ಟು ಹೆಚ್ಚುತ್ತದೆ. 2025ರ ಜನವರಿಯಲ್ಲಿ ಪುಣೆಯಲ್ಲಿ ಗಿಲನ್-ಬಾರೆ ಸಿಂಡ್ರೋಮ್ ಕಾಣಿಸಿಕೊಂಡಾಗ, ಕೈಕಾಲು ಸ್ವಾಧೀನ ತಪ್ಪಿದವರ ಶಂಕಿತ ಪ್ರಕರಣಗಳು 200 ದಾಟಿದವು. ಕಲುಷಿತ ನೀರು ಮತ್ತು ಅದರೊಂದಿಗೆ ಬಂದ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದತ್ತ ತನಿಖೆ ಬೊಟ್ಟು ಮಾಡಿತು. ಹೊಟ್ಟೆಗೆ ಹೋದ ಸೋಂಕಿನ ವಿರುದ್ಧ ಎದ್ದ ರಕ್ಷಣಾ ಪಡೆ, ಹೋಲಿಕೆಯಿಂದ ಮೋಸಹೋಗಿ ನರಗಳ ಮೇಲೆ ತಿರುಗಿಬೀಳುವ ಕಾಯಿಲೆ ಅದು. ನಗರದ ನೀರಿನ ಕೊಳವೆಯನ್ನು ಸರಿಯಾಗಿ ಇಟ್ಟುಕೊಳ್ಳುವುದು ಕೂಡ ಆಟೊಇಮ್ಯೂನ್ ಕಾಯಿಲೆಯ ತಡೆಗಟ್ಟುವಿಕೆಯೇ ಎಂಬ ಪಾಠವನ್ನು ಪುಣೆ ಕಲಿಸಿತು.

ವೈರಾಣು, ಬ್ಯಾಕ್ಟೀರಿಯಾಗಳು ಇಂದಿನ ನನ್ನ ವಿಷಯವಲ್ಲ. ಅವುಗಳಿಗಿಂತ ಹಳೆಯದಾದ, ನಮ್ಮ ನಾಡಿಗೆ ಹೆಚ್ಚು ಹತ್ತಿರವಾದ, ತಡೆಯಲು ಹೆಚ್ಚು ಸುಲಭವಾದ ಪ್ರಚೋದಕ ಇನ್ನೊಂದಿದೆ. ಅದು ಕಲ್ಲಿನ ಧೂಳು.

ಕಲ್ಲನ್ನು ಕೊರೆದಾಗ, ಕಡಿದಾಗ, ಜಲ್ಲಿ ಮಾಡಿದಾಗ ಏಳುವ ಧೂಳಿನಲ್ಲಿ ಸ್ಫಟಿಕರೂಪದ ಸಿಲಿಕಾ ಇರುತ್ತದೆ. ಕೂದಲೆಳೆಯ ದಪ್ಪದ ಹತ್ತನೇ ಒಂದು ಭಾಗಕ್ಕಿಂತಲೂ ಸಣ್ಣದಾದ ಕಣಗಳು ಶ್ವಾಸಕೋಶದ ತುದಿಯ ಗಾಳಿಗೂಡುಗಳನ್ನು ತಲುಪುತ್ತವೆ. ಅಲ್ಲಿನ ಭಕ್ಷಕ ಕೋಶಗಳು ಅವನ್ನು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಕೋಶ ಒಡೆದು ಸಾಯುತ್ತದೆ, ಕಣ ಹೊರಬೀಳುತ್ತದೆ, ಇನ್ನೊಂದು ಕೋಶ ಅದನ್ನು ನುಂಗುತ್ತದೆ. ಕಾರ್ಮಿಕ ಕೆಲಸ ಬಿಟ್ಟ ಮೇಲೂ ಈ ಕ್ರಿಯೆ ವರ್ಷಗಟ್ಟಲೆ ಮುಂದುವರಿಯುತ್ತದೆ. ಇದರ ಒಂದು ಪರಿಣಾಮ ಶ್ವಾಸಕೋಶದಲ್ಲಿ ಗಾಯದ ಗಂಟುಗಳು ಕಟ್ಟುವುದು. ಅದನ್ನೇ ಸಿಲಿಕೋಸಿಸ್ ಎನ್ನುತ್ತೇವೆ. ಇನ್ನೊಂದು ಪರಿಣಾಮದ ಬಗ್ಗೆ ಮಾತು ಕಡಿಮೆ. ಸತ್ತ ಕೋಶಗಳ ಒಳಗಿನ ಡಿಎನ್‌ಎ ಮತ್ತು ಪ್ರೋಟೀನುಗಳು ಹೊರಚೆಲ್ಲುತ್ತವೆ. ನಿರಂತರ ಉರಿಯೂತದ ವಾತಾವರಣದಲ್ಲಿ ರಕ್ಷಣಾ ವ್ಯವಸ್ಥೆ ಅವುಗಳನ್ನೇ ಪರಕೀಯವೆಂದು ಗ್ರಹಿಸಿ ಪ್ರತಿಕಾಯಗಳನ್ನು ತಯಾರಿಸತೊಡಗುತ್ತದೆ. ವಂಶವಾಹಿಯ ಒಲವಿದ್ದವರಲ್ಲಿ ಶ್ವಾಸಕೋಶದಲ್ಲಿ ಆರಂಭವಾದ ಈ ಗೊಂದಲ ಕೀಲಿಗೆ, ಚರ್ಮಕ್ಕೆ, ಮೂತ್ರಪಿಂಡಕ್ಕೆ ಹರಡುತ್ತದೆ.

ಇದು ನಿನ್ನೆ ಮೊನ್ನೆಯ ಊಹೆಯಲ್ಲ. ಎಡಿನ್‌ಬರೋದ ವೈದ್ಯ ಬೈರಂ ಬ್ರಾಮ್‌ವೆಲ್ 1914ರಲ್ಲೇ ತಮ್ಮ ಸ್ಕ್ಲೀರೋಡರ್ಮಾ ರೋಗಿಗಳಲ್ಲಿ ಕಲ್ಲುಕುಟಿಗರ ಸಂಖ್ಯೆ ಅಸಹಜವಾಗಿ ಹೆಚ್ಚಿರುವುದನ್ನು ಬರೆದಿಟ್ಟರು. ಈ ಕಾಯಿಲೆ ಸಾಮಾನ್ಯವಾಗಿ ಮಹಿಳೆಯರಲ್ಲಿ ಹೆಚ್ಚು. ಅದು ಉಳಿ ಹಿಡಿದ ಗಂಡಸರಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡರೆ ಆ ಉಳಿಯ ಕೆಲಸದಲ್ಲೇ ಏನೋ ಇದೆ ಎಂದು ಅನುಮಾನಿಸಲು ದೊಡ್ಡ ಸಂಖ್ಯಾಶಾಸ್ತ್ರ ಬೇಕಿಲ್ಲ. 1953ರಲ್ಲಿ ಆಂಥೊನಿ ಕ್ಯಾಪ್ಲನ್ ವೇಲ್ಸ್‌ನ ಕಲ್ಲಿದ್ದಲು ಗಣಿ ಕಾರ್ಮಿಕರಲ್ಲಿ ರುಮಟಾಯ್ಡ್ ಸಂಧಿವಾತ ಮತ್ತು ಶ್ವಾಸಕೋಶದ ವಿಶಿಷ್ಟ ಗಂಟುಗಳು ಜೊತೆಯಾಗಿ ಬರುವುದನ್ನು ವಿವರಿಸಿದರು. 1957ರಲ್ಲಿ ಎರಾಸ್ಮಸ್ ಎಂಬ ವೈದ್ಯರು ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರಾಂಡ್ ಚಿನ್ನದ ಗಣಿಗಳ ಕಾರ್ಮಿಕರಲ್ಲಿ ಸ್ಕ್ಲೀರೋಡರ್ಮಾ ಪ್ರಕರಣಗಳನ್ನು ವರದಿ ಮಾಡಿದರು. ಸಿಲಿಕಾ ಧೂಳಿನೊಂದಿಗೆ ಬರುವ ಸ್ಕ್ಲೀರೋಡರ್ಮಾವನ್ನು ಇಂದಿಗೂ ಎರಾಸ್ಮಸ್ ಸಿಂಡ್ರೋಮ್ ಎಂದೇ ಕರೆಯಲಾಗುತ್ತದೆ. ನಮ್ಮ ದೇಶದ ಕಲ್ಲು ಕಾರ್ಮಿಕರಲ್ಲಿ ಇಂತಹ ಪ್ರಕರಣಗಳು ಕಂಡುಬಂದಿರುವುದನ್ನು ಭಾರತೀಯ ವೈದ್ಯರೂ ವರದಿ ಮಾಡಿದ್ದಾರೆ. ಸ್ವೀಡನ್ನಿನಲ್ಲಿ ನಡೆದ ವಿಸ್ತೃತ ಅಧ್ಯಯನಗಳು ಸಿಲಿಕಾ ಧೂಳಿಗೂ ರುಮಟಾಯ್ಡ್ ಸಂಧಿವಾತಕ್ಕೂ ಇರುವ ಸಂಬಂಧವನ್ನು ಇನ್ನಷ್ಟು ಗಟ್ಟಿಗೊಳಿಸಿವೆ. ಧೂಳಿನ ಜೊತೆಗೆ ಧೂಮಪಾನವೂ ಸೇರಿದರೆ ಅಪಾಯ ಎರಡನ್ನೂ ಕೂಡಿಸಿದ್ದಕ್ಕಿಂತ ಹೆಚ್ಚಾಗುತ್ತದೆ ಎಂಬುದು ಅಲ್ಲಿ ಕಂಡುಬಂದ ಅಂಶ. ಕೆಲಸದ ನಡುವೆ ಬೀಡಿ ಸೇದುವುದು ವಾಡಿಕೆಯಾಗಿರುವ ನಮ್ಮ ಕ್ವಾರಿಗಳಿಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ.

ಧೂಳಿನ ಈ ಕಥೆಯಲ್ಲಿ ಕರ್ನಾಟಕದ ಸ್ಥಾನ ಸಣ್ಣದಲ್ಲ. ಕೋಲಾರದ ಚಿನ್ನದ ಗಣಿ ಕೇವಲ ಚಿನ್ನದ ಇತಿಹಾಸವಲ್ಲ, ಅದು ಭಾರತದಲ್ಲಿ ಧೂಳಿನ ಕಾಯಿಲೆಯ ಇತಿಹಾಸವೂ ಹೌದು. ದೇಶದಲ್ಲಿ ಸಿಲಿಕೋಸಿಸ್ ಕುರಿತ ಆರಂಭಿಕ ದೊಡ್ಡ ಸಮೀಕ್ಷೆ ನಡೆದದ್ದು ಅಲ್ಲಿಯೇ. 1947ರಲ್ಲಿ ವರದಿಯಾದ ಅದರ ಪ್ರಕಾರ ಪರೀಕ್ಷೆಗೊಳಗಾದ ಕಾರ್ಮಿಕರಲ್ಲಿ ಶೇ 43.7ರಷ್ಟು ಮಂದಿಗೆ ಸಿಲಿಕೋಸಿಸ್ ಇತ್ತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಆ ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಕಲ್ಲಿನ ಕೆಲಸ ಮುಚ್ಚಲಿಲ್ಲ. ಇಳಕಲ್ಲಿನ ಕೆಂಪು ಗ್ರಾನೈಟ್, ಚಾಮರಾಜನಗರದ ಕರಿಕಲ್ಲು, ಬೆಂಗಳೂರಿನ ಸುತ್ತಣ ಜಿಲ್ಲೆಗಳ ಜಲ್ಲಿ ಕ್ರಷರ್‌ಗಳು, ತಲೆಮಾರುಗಳಿಂದ ಕಲ್ಲನ್ನೇ ನೆಚ್ಚಿದ ಭೋವಿ ಸಮುದಾಯ, ರಾಯಚೂರು, ಕಲಬುರಗಿ ಕಡೆಯಿಂದಲೂ ಹೊರರಾಜ್ಯಗಳಿಂದಲೂ ಬರುವ ವಲಸೆ ಕೂಲಿಗಳು, ಇವೆಲ್ಲ ಸೇರಿದರೆ ಇಂದು ಧೂಳನ್ನು ಉಸಿರಾಡುತ್ತಿರುವವರ ಚಿತ್ರ ಸಿಗುತ್ತದೆ. ಕೋಲಾರದಲ್ಲಿ ಕಾರ್ಮಿಕರು ಒಂದೇ ಕಂಪನಿಯ ಹಾಜರಿ ಪುಸ್ತಕದಲ್ಲಿದ್ದರು, ಅವರಿಗೆ ಗಣಿಯ ಆಸ್ಪತ್ರೆಯಿತ್ತು, ಆದ್ದರಿಂದ ಅವರನ್ನು ಎಣಿಸಲು ಸಾಧ್ಯವಾಯಿತು. ಇಂದಿನವರು ಗುತ್ತಿಗೆದಾರನಿಂದ ಗುತ್ತಿಗೆದಾರನಿಗೆ, ಜಿಲ್ಲೆಯಿಂದ ಜಿಲ್ಲೆಗೆ ಚದುರಿದವರು. ಎಣಿಕೆಗೇ ಸಿಗದವರ ಕಾಯಿಲೆ ಅಂಕಿಅಂಶದಲ್ಲಿ ಬರುವುದಾದರೂ ಹೇಗೆ?

ನಾನು ಸೇವೆಯಲ್ಲಿದ್ದಾಗ ಬಯಲುಸೀಮೆಯ ಜಿಲ್ಲೆಯೊಂದರ ಜನಸಂಪರ್ಕ ಸಭೆಗೆ ನಲವತ್ತರ ಆಸುಪಾಸಿನ ಕಲ್ಲುಕುಟಿಗರೊಬ್ಬರು ಅರ್ಜಿ ಹಿಡಿದು ಬಂದಿದ್ದರು. ಅವರ ಬೆರಳುಗಳು ಅರ್ಧ ಮಡಿಚಿದ ಸ್ಥಿತಿಯಲ್ಲಿ ನಿಂತುಬಿಟ್ಟಿದ್ದವು, ಚರ್ಮ ಮೂಳೆಗೆ ಬಿಗಿದು ಹೊಳೆಯುತ್ತಿತ್ತು. ಅರ್ಜಿಯ ಮೇಲೆ ಹೆಬ್ಬೆಟ್ಟು ಒತ್ತಲು ಅವರ ಹೆಂಡತಿ ಕೈಹಿಡಿದು ಸಹಾಯ ಮಾಡಬೇಕಾಯಿತು. ‘ಎಕ್ಸ್‌ರೇ ತೆಗೆದ್ರು ಸ್ವಾಮಿ, ಎದೇಲಿ ಹೆಚ್ಚೇನೂ ಇಲ್ಲ ಅಂದ್ರು. ಕೈ ಮಾತ್ರ ಕಲ್ಲಾಗ್ತಾ ಇದೆ’ ಎಂದರು ಆ ವ್ಯಕ್ತಿ. ಪರಿಹಾರಕ್ಕಾಗಿ ಸಲ್ಲಿಸಿದ್ದ ಅರ್ಜಿ ಸಂಬಂಧಪಟ್ಟ ಕಚೇರಿಯಿಂದ ಹಿಂತಿರುಗಿ ಬಂದಿತ್ತು. ಅದರ ಮೇಲಿನ ಷರಾ ಚಿಕ್ಕದು: ‘ಸದರಿ ಕಾಯಿಲೆಯು ಅನುಸೂಚಿಯಲ್ಲಿ ಇರುವುದಿಲ್ಲ’. ಕಾನೂನಿನ ದೃಷ್ಟಿಯಿಂದ ಷರಾ ತಪ್ಪಾಗಿರಲಿಲ್ಲ. ಕೊನೆಗೆ ಅವರಿಗೆ ಅಂಗವಿಕಲರ ಮಾಸಾಶನ ಮಂಜೂರಾಯಿತು. ಅಂದರೆ ಕಲ್ಲಿನ ಲಾಭ ಒಂದು ಕಡೆ ಸಂದಿತು, ಕೈ ಕಳೆದುಕೊಂಡದ್ದರ ಖರ್ಚು ಸರ್ಕಾರದ ಬೊಕ್ಕಸಕ್ಕೂ ಆ ಕುಟುಂಬಕ್ಕೂ ಬಿತ್ತು.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಪರಿಚಿತ ಸಂಗತಿ. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಪೀಗೂ 1920ರಲ್ಲೇ ಇದನ್ನು ವಿವರಿಸಿದ್ದರು. ಉತ್ಪಾದನೆಯ ಖರ್ಚಿನ ಒಂದು ಭಾಗವನ್ನು ಉತ್ಪಾದಕ ತಾನು ಹೊರದೆ ಇತರರ ಮೇಲೆ ಹೊರಿಸಿದಾಗ ಸರಕಿನ ಬೆಲೆ ಕೃತಕವಾಗಿ ಅಗ್ಗವಾಗುತ್ತದೆ, ಹಾನಿಕಾರಕ ವಿಧಾನವೇ ಲಾಭದಾಯಕವಾಗಿ ಕಾಣುತ್ತದೆ. ನೀರು ಚಿಮುಕಿಸುತ್ತಾ ಕಲ್ಲು ಕೊರೆಯುವುದಕ್ಕಿಂತ ಒಣದಾಗಿ ಕೊರೆಯುವುದು ಅಗ್ಗ, ಏಕೆಂದರೆ ಒಣ ಧೂಳಿನ ಬಿಲ್ಲು ಹತ್ತು ಹದಿನೈದು ವರ್ಷಗಳ ನಂತರ ಬೇರೆಯವರ ಮನೆಗೆ ಬರುತ್ತದೆ. ನಮ್ಮ ಮನೆಯ ಗೋಡೆ, ರಸ್ತೆಯ ಜಲ್ಲಿ, ಅಡುಗೆಮನೆಯ ಕಲ್ಲುಹಾಸು ಇವುಗಳ ಬೆಲೆಯಲ್ಲಿ ಆ ಬಿಲ್ಲು ಸೇರಿಲ್ಲ.

ಆ ಬಿಲ್ಲನ್ನು ಸರಿಯಾದ ವಿಳಾಸಕ್ಕೆ ತಲುಪಿಸಲು ಕಾನೂನು ಕಂಡುಕೊಂಡ ಸಾಧನವೇ ಔದ್ಯೋಗಿಕ ಕಾಯಿಲೆಗಳ ಅನುಸೂಚಿ. ಇದರ ತರ್ಕವನ್ನು ಓದುಗರು ಗಮನಿಸಬೇಕು. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಪ್ರಕಾರ, ಕಾಯಿಲೆ ಪಟ್ಟಿಯಲ್ಲಿದ್ದು ಕಾರ್ಮಿಕ ಅದಕ್ಕೆ ಸಂಬಂಧಿಸಿದ ಉದ್ಯೋಗದಲ್ಲಿದ್ದರೆ, ಅದು ಕೆಲಸದಿಂದಲೇ ಬಂದದ್ದೆಂದು ಕಾನೂನು ಭಾವಿಸಿಕೊಳ್ಳುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಮಾಲೀಕನದು. ಪಟ್ಟಿಯಲ್ಲಿ ಇಲ್ಲದಿದ್ದರೆ, ಕೆಲಸದ ಅವಧಿಯ ನಿರ್ದಿಷ್ಟ ಅಪಘಾತವೊಂದರಿಂದ ಅದು ನೇರವಾಗಿ ಉಂಟಾಯಿತೆಂದು ಕಾರ್ಮಿಕನೇ ರುಜುವಾತು ಮಾಡಬೇಕು. ಹದಿನೈದು ವರ್ಷ ಉಸಿರಾಡಿದ ಧೂಳನ್ನು ಯಾವ ದಿನದ ಅಪಘಾತವೆಂದು ತೋರಿಸಲು ಸಾಧ್ಯ? ಹೊಸ ಸಾಮಾಜಿಕ ಭದ್ರತಾ ಸಂಹಿತೆಯೂ ಇದೇ ಚೌಕಟ್ಟನ್ನು ಮುಂದುವರಿಸಿದೆ. ಔದ್ಯೋಗಿಕ ಸುರಕ್ಷತೆಯ ಸಂಹಿತೆಗೆ ಲಗತ್ತಿಸಿದ ಪಟ್ಟಿಯಲ್ಲಿಯೂ ಸಿಲಿಕೋಸಿಸ್ ಇದೆ. ಸ್ಕ್ಲೀರೋಡರ್ಮಾ ಇಲ್ಲ, ರುಮಟಾಯ್ಡ್ ಸಂಧಿವಾತ ಇಲ್ಲ. ಧೂಳು ಇಡೀ ದೇಹವನ್ನು ಬಾಧಿಸುತ್ತದೆ ಎಂದು ವಿಜ್ಞಾನ ಹೇಳುತ್ತಿದ್ದರೂ ಕಾನೂನು ಶ್ವಾಸಕೋಶದ ಗಡಿಯಲ್ಲಿಯೇ ನಿಂತಿದೆ.

ಬೇರೆ ದೇಶಗಳು ಈ ಗಡಿಯನ್ನು ದಾಟಿವೆ. ಫ್ರಾನ್ಸಿನ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿ ಸಿಲಿಕಾ ಧೂಳಿಗೆ ಮೀಸಲಾದ 25ನೇ ಕೋಷ್ಟಕ ಸ್ಕ್ಲೀರೋಡರ್ಮಾವನ್ನು ಒಳಗೊಂಡಿದೆ. ಎರಾಸ್ಮಸ್ ಅವರ ನಾಡಾದ ದಕ್ಷಿಣ ಆಫ್ರಿಕಾದಲ್ಲಿಯೂ ಗಣಿ ಕಾರ್ಮಿಕರ ಸ್ಕ್ಲೀರೋಡರ್ಮಾ ಪರಿಹಾರಕ್ಕೆ ಅರ್ಹವಾದ ಕಾಯಿಲೆ. ಕೋಲಾರದಲ್ಲೂ ಚಿನ್ನದ ಗಣಿ, ವಿಟ್‌ವಾಟರ್ಸ್‌ರಾಂಡಿನಲ್ಲೂ ಚಿನ್ನದ ಗಣಿ. ಅಲ್ಲಿ ಅನುಭವ ಕಾನೂನಾಯಿತು, ಇಲ್ಲಿ ಆಗಲಿಲ್ಲ.

ಈ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನು ಪರಿಶೀಲಿಸೋಣ. ಮೊದಲನೆಯದು ಅತ್ಯಂತ ಗಂಭೀರವಾದದ್ದು. ರುಮಟಾಯ್ಡ್ ಸಂಧಿವಾತವಿರುವ ಬಹುಪಾಲು ಮಂದಿ ಜೀವಮಾನದಲ್ಲಿ ಕಲ್ಲು ಕಡಿದವರಲ್ಲ. ಹಾಗಿರುವಾಗ ಒಬ್ಬ ನಿರ್ದಿಷ್ಟ ಕಾರ್ಮಿಕನ ಕಾಯಿಲೆ ಧೂಳಿನಿಂದಲೇ ಬಂತು ಎಂದು ಹೇಳುವುದು ಹೇಗೆ? ಪ್ರಾಮಾಣಿಕ ಉತ್ತರವೆಂದರೆ, ಒಬ್ಬೊಬ್ಬರ ಮಟ್ಟದಲ್ಲಿ ಹಾಗೆ ಖಚಿತವಾಗಿ ಹೇಳಲು ಬರುವುದಿಲ್ಲ. ವಿಜ್ಞಾನ ಹೇಳುವುದು ಗುಂಪಿನ ಬಗ್ಗೆ, ನ್ಯಾಯಾಲಯ ಕೇಳುವುದು ವ್ಯಕ್ತಿಯ ಬಗ್ಗೆ. ಈ ಅಂತರವನ್ನು ತುಂಬುವುದಕ್ಕಾಗಿಯೇ ಅನುಸೂಚಿ ಇದೆ. ಧೂಳಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ಘೋಷಿಸಿದಾಗಲೂ ಯಾವ ರೋಗಿಯ ಗಡ್ಡೆಯ ಮೇಲೂ ಸಿಲಿಕಾದ ಸಹಿ ಇರಲಿಲ್ಲ. ಅನಿಶ್ಚಿತತೆ ಇದ್ದೇ ಇರುತ್ತದೆ. ಅದರ ಹೊರೆಯನ್ನು ಯಾರು ಹೊರಬೇಕು ಎಂಬುದು ವಿಜ್ಞಾನದ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆ. ಧೂಳಿನಿಂದ ಲಾಭ ಪಡೆದವರೇ ಅದನ್ನು ಹೊರಲಿ ಎಂಬುದು ನನ್ನ ಅಭಿಪ್ರಾಯ. ಇಂತಿಷ್ಟು ವರ್ಷ ಧೂಳಿನಲ್ಲಿ ದುಡಿದಿರಬೇಕು, ತಜ್ಞರ ಮಂಡಳಿ ರೋಗವನ್ನು ದೃಢಪಡಿಸಬೇಕು ಎಂಬ ಷರತ್ತುಗಳನ್ನು ವಿಧಿಸಿದರೆ ದುರುಪಯೋಗದ ಭಯವೂ ಕಡಿಮೆಯಾಗುತ್ತದೆ. ಸ್ಕ್ಲೀರೋಡರ್ಮಾದಂತಹ ಅಪರೂಪದ ಕಾಯಿಲೆಯಿಂದ ಆರಂಭಿಸಿದರೆ ಬೊಕ್ಕಸ ಬರಿದಾಗುವ ಪ್ರಶ್ನೆಯೂ ಏಳುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೊಂದು ದಿಕ್ಕಿನದು. ವಂಶವಾಹಿಯ ಒಲವಿದ್ದವರಿಗೆ ಮಾತ್ರ ಈ ಅಪಾಯ ಹೆಚ್ಚು ಎನ್ನುವುದಾದರೆ, ಕೆಲಸಕ್ಕೆ ಸೇರಿಸಿಕೊಳ್ಳುವ ಮುನ್ನ ರಕ್ತಪರೀಕ್ಷೆ ನಡೆಸಿ ಅಂಥವರನ್ನು ದೂರವಿಡಬಹುದಲ್ಲ? ಇದು ಗಾಳಿಯನ್ನು ಶುಚಿಗೊಳಿಸುವ ಬದಲು ಮನುಷ್ಯರನ್ನು ಜರಡಿ ಹಿಡಿಯುವ ಮಾರ್ಗ. ಆ ವಂಶವಾಹಿಗಳನ್ನು ಹೊತ್ತ ಹೆಚ್ಚಿನವರಿಗೆ ಕಾಯಿಲೆ ಬರುವುದೇ ಇಲ್ಲ, ಅವರು ಕಾರಣವಿಲ್ಲದೆ ಕೂಲಿ ಕಳೆದುಕೊಳ್ಳುತ್ತಾರೆ. ಒಳಗೆ ಉಳಿದವರನ್ನು ಸಿಲಿಕೋಸಿಸ್, ಕ್ಷಯ, ಕ್ಯಾನ್ಸರ್ ಕಾಯುತ್ತಿರುತ್ತವೆ. ಧೂಳು ಯಾರ ವಂಶಾವಳಿಯನ್ನೂ ಕೇಳದೆ ಶ್ವಾಸಕೋಶವನ್ನು ಹೊಕ್ಕುತ್ತದೆ. ಆದ್ದರಿಂದ ಕೈಹಾಕಬೇಕಾದದ್ದು ಧೂಳಿಗೆ.

ಮೂರನೆಯದು, ನಮ್ಮಲ್ಲಿ ಸಿಲಿಕೋಸಿಸ್‌ಗೇ ಪರಿಹಾರ ಸಿಗುತ್ತಿಲ್ಲ, ಇನ್ನು ಇದನ್ನು ಕೇಳುವವರಾರು ಎಂಬ ನಿರಾಶೆಯ ಮಾತು. ಮಧ್ಯಪ್ರದೇಶದ ಜಾಬುವಾ, ಅಲಿರಾಜಪುರ ಕಡೆಯ ಆದಿವಾಸಿಗಳು ಗುಜರಾತಿನ ಕ್ವಾರ್ಟ್ಝ್ ಪುಡಿ ಮಾಡುವ ಕಾರ್ಖಾನೆಗಳಲ್ಲಿ ದುಡಿದು ಸಿಲಿಕೋಸಿಸ್‌ನಿಂದ ಸತ್ತ ಪ್ರಕರಣದಲ್ಲಿ, 238 ಮಂದಿಯ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಕೊಡುವಂತೆ ಸುಪ್ರೀಂ ಕೋರ್ಟ್ ಆದೇಶಿಸಿದ್ದು 2016ರಲ್ಲಿ. ಅದಕ್ಕಾಗಿ ವರ್ಷಗಳ ಕಾನೂನು ಹೋರಾಟ ಬೇಕಾಯಿತು ಎಂಬುದು ನಿಜ. ಆದರೆ ಅದೇ ಒತ್ತಡದ ಫಲವಾಗಿ 2019ರಲ್ಲಿ ರಾಜಸ್ಥಾನ ಸರ್ಕಾರ ಧೂಳಿನ ಕಾಯಿಲೆಗಳಿಗಾಗಿಯೇ ಒಂದು ನೀತಿಯನ್ನು ರೂಪಿಸಿತು. ರೋಗ ದೃಢಪಟ್ಟಾಗ 3 ಲಕ್ಷ, ಮರಣಾನಂತರ ಕುಟುಂಬಕ್ಕೆ 2 ಲಕ್ಷ ರೂಪಾಯಿ, ಜೊತೆಗೆ ಪಿಂಚಣಿಯನ್ನು ಅದು ಒದಗಿಸಿತು. ಮಾಲೀಕನ ಹೆಸರು ಗೊತ್ತಿಲ್ಲದ, ಹಾಜರಿ ಚೀಟಿ ಇಲ್ಲದ ಕಾರ್ಮಿಕನಿಗೂ ಇಂತಹ ನೀತಿ ತಲುಪಬಲ್ಲದು. ರಾಜ್ಯವೊಂದು ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಇದು ಉದಾಹರಣೆ.

ಹಾಗಾದರೆ ಈಗ ಆಗಬೇಕಾದದ್ದೇನು? ಮೊದಲ ಹೆಜ್ಜೆಗೆ ಹಣವೂ ಬೇಕಿಲ್ಲ. ಸಂಧಿವಾತ, ಚರ್ಮರೋಗ, ಮೂತ್ರಪಿಂಡ ವಿಭಾಗಗಳಿಗೆ ಬರುವ ಪ್ರತಿ ರೋಗಿಯ ಚೀಟಿಯಲ್ಲಿ ‘ಇದುವರೆಗೆ ಮಾಡಿದ ಕೆಲಸಗಳು’ ಎಂಬ ಕಲಂ ಇರಬೇಕು. ಇಂದಿನ ವೃತ್ತಿಯನ್ನಷ್ಟೇ ಕೇಳಿದರೆ ಸಾಲದು. ಕಾಯಿಲೆ ಕಾಣಿಸಿಕೊಳ್ಳುವ ಹೊತ್ತಿಗೆ ಕಲ್ಲುಕುಟಿಗ ಊರಿಗೆ ಮರಳಿ ಕುರಿ ಕಾಯುತ್ತಿರಬಹುದು. ಎರಡನೆಯದು, ಹೊಸ ಸಂಹಿತೆಯ ವಾರ್ಷಿಕ ತಪಾಸಣೆ ಎದೆಯ ಎಕ್ಸ್‌ರೇಗೆ ನಿಲ್ಲಬಾರದು. ಚಳಿಗೆ ಬೆರಳು ಬೆಳ್ಳಗಾಗಿ ಜೋಮು ಹಿಡಿಯುತ್ತದೆಯೇ, ಬೆಳಗಿನ ಹೊತ್ತು ಕೀಲುಗಳು ಬಿಗಿಯುತ್ತವೆಯೇ, ಬೆರಳ ಚರ್ಮ ಗಟ್ಟಿಯಾಗುತ್ತಿದೆಯೇ ಎಂಬ ಮೂರು ಪ್ರಶ್ನೆಗಳನ್ನು ಆರೋಗ್ಯ ಕಾರ್ಯಕರ್ತೆ ಕೂಡ ಕೇಳಬಲ್ಲಳು. ಹೌದೆಂದವರಿಗೆ ಮಾತ್ರ ರಕ್ತಪರೀಕ್ಷೆ ಸಾಕು. ಕೀಲುಗಳು ವಿರೂಪಗೊಳ್ಳುವ ಮುನ್ನ ಚಿಕಿತ್ಸೆ ಆರಂಭಿಸಿದರೆ ದುಡಿಯುವ ಕೈ ಉಳಿಯುತ್ತದೆ.

ಮೂರನೆಯದು ಅನುಸೂಚಿಯ ತಿದ್ದುಪಡಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಅಧಿಸೂಚನೆ ಸಾಕು. ಸಿಲಿಕಾ ಧೂಳಿಗೆ ಒಡ್ಡಿಕೊಂಡವರ ಸ್ಕ್ಲೀರೋಡರ್ಮಾವನ್ನು ತಕ್ಷಣವೂ, ರುಮಟಾಯ್ಡ್ ಸಂಧಿವಾತವನ್ನು ತಜ್ಞರ ಸಲಹೆಯ ಮೇರೆಗೆ ಸೂಕ್ತ ಷರತ್ತುಗಳೊಂದಿಗೂ ಸೇರಿಸಬಹುದು. ನಾಲ್ಕನೆಯದು ವ್ಯಾಪ್ತಿಯ ಪ್ರಶ್ನೆ. ಹೊಸ ಸಂಹಿತೆಯಲ್ಲಿ ವಿದ್ಯುತ್ ಬಳಸುವ ಘಟಕ ‘ಕಾರ್ಖಾನೆ’ ಎನಿಸಿಕೊಳ್ಳಲು ಬೇಕಾದ ಕಾರ್ಮಿಕರ ಸಂಖ್ಯೆ 10ರಿಂದ 20ಕ್ಕೆ ಏರಿದೆ. ಕಲ್ಲು ಕತ್ತರಿಸುವ, ಪಾಲಿಶ್ ಮಾಡುವ ಎಷ್ಟೋ ಶೆಡ್ಡುಗಳು ಇದರಿಂದ ಹೊರಗುಳಿಯುತ್ತವೆ. ಅಪಾಯಕಾರಿ ಕೆಲಸಗಳಿಗೆ ಸಂಖ್ಯೆಯ ಮಿತಿಯನ್ನು ಬದಿಗಿಡುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಕಲ್ಲಿನ ಕೆಲಸಕ್ಕೆ ಅದನ್ನು ಬಳಸುವಂತೆ ರಾಜ್ಯ ಒತ್ತಾಯಿಸಬೇಕು. ಹಣಕ್ಕೆ ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್ ಇದೆ, ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ. ಆರೋಗ್ಯ ಆ ನಿಧಿಯ ಆದ್ಯತೆಯ ಬಾಬ್ತುಗಳಲ್ಲೊಂದು.

ಕೊನೆಯದಾಗಿ ಧೂಳನ್ನೇ ಕಡಿಮೆ ಮಾಡುವುದು. ಫ್ಯಾಕ್ಟರಿ ಕಾಯ್ದೆಯಲ್ಲಿದ್ದ ಸೂತ್ರದ ಪ್ರಕಾರ ಶುದ್ಧ ಕ್ವಾರ್ಟ್ಝ್‌ನ ಸೂಕ್ಷ್ಮ ಧೂಳಿನ ಮಿತಿ ಒಂದು ಘನಮೀಟರ್ ಗಾಳಿಗೆ ಸುಮಾರು 0.1 ಮಿಲಿಗ್ರಾಂ. ಅಮೆರಿಕ 2016ರಲ್ಲಿ ತನ್ನ ಮಿತಿಯನ್ನು 0.05ಕ್ಕೆ ಇಳಿಸಿತು. ಮಿತಿ ಯಾವುದೇ ಇರಲಿ, ಅಳೆಯುವವರಿಲ್ಲದಿದ್ದರೆ ಅದು ಕಾಗದದ ಮೇಲಿನ ಅಂಕಿ. ಗಾಳಿ ಅಳೆಯುವ ಇನ್‌ಸ್ಪೆಕ್ಟರುಗಳ ಸಂಖ್ಯೆ ಹೆಚ್ಚುವವರೆಗೂ, ಒದ್ದೆ ವಿಧಾನದಲ್ಲಿ ಕೊರೆಯುವುದನ್ನು ಮತ್ತು ಕ್ರಷರ್‌ಗಳಿಗೆ ಮುಚ್ಚಿಗೆ ಹಾಗೂ ನೀರಿನ ಸಿಂಪರಣೆಯನ್ನು ಲೈಸೆನ್ಸಿನ ಕಡ್ಡಾಯ ಷರತ್ತಾಗಿ ಪಾಲಿಸುವಂತೆ ಮಾಡುವುದೇ ಕಾರ್ಯಸಾಧ್ಯ. ಒದ್ದೆಯೋ ಒಣವೋ ಎಂಬುದನ್ನು ತಿಳಿಯಲು ಯಂತ್ರ ಬೇಡ, ಕಣ್ಣು ಸಾಕು.

ಈ ವಿಷಯ ಗಣಿಯಂಚಿನ ಊರುಗಳದ್ದು ಮಾತ್ರ ಎಂದು ಬೆಂಗಳೂರಿನ ಓದುಗರು ಭಾವಿಸಬಾರದು. ಅಪಾರ್ಟ್‌ಮೆಂಟುಗಳ ಅಡುಗೆಮನೆಗಳಲ್ಲಿ ಗ್ರಾನೈಟ್ ಜಾಗಕ್ಕೆ ಈಗ ‘ಕ್ವಾರ್ಟ್ಝ್’ ಹೆಸರಿನ ಕೃತಕ ಕಲ್ಲು ಬರುತ್ತಿದೆ. ಭಾರತ ಅದರ ದೊಡ್ಡ ರಫ್ತುದಾರ ಕೂಡ. ಅದರಲ್ಲಿ ಸಿಲಿಕಾ ಅಂಶ ಶೇ 90ನ್ನೂ ಮೀರುವುದುಂಟು. ಗ್ರಾನೈಟ್‌ನಲ್ಲಿ ಅದು ಇದಕ್ಕಿಂತ ಬಹಳ ಕಡಿಮೆ. ಇಸ್ರೇಲಿನಲ್ಲಿ ಈ ಕಲ್ಲನ್ನು ಕತ್ತರಿಸಿ ಸಿಲಿಕೋಸಿಸ್‌ಗೆ ತುತ್ತಾದ 40 ಕಾರ್ಮಿಕರನ್ನು ಪರೀಕ್ಷಿಸಿದಾಗ 9 ಮಂದಿಯಲ್ಲಿ ಆಟೊಇಮ್ಯೂನ್ ಕಾಯಿಲೆಗಳೂ ಪತ್ತೆಯಾದವು. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಈ ಕಲ್ಲಿನ ತಯಾರಿಕೆ, ಸರಬರಾಜು, ಬಳಕೆಯನ್ನೇ ನಿಷೇಧಿಸಿತು. ನಮ್ಮಲ್ಲಿ ಅದನ್ನು ಮನೆಯ ಅಳತೆಗೆ ತಕ್ಕಂತೆ ಕತ್ತರಿಸುವುದು ಬಹುಮಟ್ಟಿಗೆ ಕಟ್ಟಡದ ಆವರಣದಲ್ಲಿಯೇ, ಮುಖಕ್ಕೆ ಟವೆಲ್ ಸುತ್ತಿಕೊಂಡ ಹುಡುಗನೊಬ್ಬನಿಂದ. ಟವೆಲ್ಲಿನ ನೂಲಿನ ಸಂದಿಗಿಂತ ಆ ಕಣಗಳು ಎಷ್ಟೋ ಪಟ್ಟು ಸಣ್ಣವು. ಕಲ್ಲು ಕತ್ತರಿಸುವಾಗ ನೀರು ಬಿಡಲು ಮನೆಯೊಡೆಯನೇ ಪಟ್ಟು ಹಿಡಿದರೆ ಅದಕ್ಕೆ ಯಾವ ಸಂಹಿತೆಯ ಅನುಮತಿಯೂ ಬೇಕಿಲ್ಲ.

ದೇಹ ತನ್ನ ಮೇಲೆ ತಾನೇ ತಿರುಗಿಬೀಳದಂತೆ ಕಾಯುವ ಕೋಶಗಳ ಸಂಶೋಧನೆಯಿಂದ ಮುಂದೊಂದು ದಿನ ಒಳ್ಳೆಯ ಔಷಧಿಗಳು ಬರಲಿವೆ. ಅವು ಬಂದಾಗ ದುಬಾರಿಯಾಗಿರುತ್ತವೆ, ಜಲ್ಲಿ ಹೊಡೆಯುವವರ ಕೈಗೆ ಎಲ್ಲರಿಗಿಂತ ಕೊನೆಗೆ ಎಟುಕುತ್ತವೆ. ಆದರೆ ಅವರ ಕಾಯಿಲೆಯ ಒಂದು ಪ್ರಚೋದಕ ಯಾವುದೆಂದು ನಮಗೆ 1914ರಿಂದ ಸುಳಿವು ಸಿಕ್ಕಿದೆ, ಅದನ್ನು ಅಡಗಿಸುವ ಸಾಧನ ನೀರು ಎಂಬುದೂ ಗೊತ್ತಿದೆ. ವಾರ್ಷಿಕ ತಪಾಸಣೆಯ ನಮೂನೆಗಳು ಅಚ್ಚಾಗಿ ವರ್ಷಗಟ್ಟಲೆ ಅವೇ ಚಾಲ್ತಿಯಲ್ಲಿ ಉಳಿಯುವುದು ನಮ್ಮ ಆಡಳಿತದ ರೂಢಿ. ಆದ್ದರಿಂದ ಕಾರ್ಮಿಕ ಇಲಾಖೆ ಮತ್ತು ಆರೋಗ್ಯ ಇಲಾಖೆ ಒಟ್ಟಿಗೆ ಕುಳಿತು ಅದರಲ್ಲಿ ಕೈ, ಕೀಲು, ಚರ್ಮಗಳ ಬಗೆಗಿನ ಮೂರು ಪ್ರಶ್ನೆಗಳನ್ನೂ ಹಿಂದಿನ ಕೆಲಸಗಳ ಒಂದು ಕಲಂ ಅನ್ನೂ ಈಗಲೇ ಸೇರಿಸಲಿ. ಆ ಉತ್ತರಗಳು ದಾಖಲಾಗತೊಡಗಿದರೆ, ಅನುಸೂಚಿಯನ್ನು ವಿಸ್ತರಿಸಲು ಬೇಕಾದ ಪುರಾವೆ ನಮ್ಮದೇ ಜಿಲ್ಲೆಗಳಿಂದ ದೊರೆಯುತ್ತದೆ.